ತಣ್ಣೀರಿನ ಪಾತ್ರೆಯ ಶುದ್ಧಿ



ಬಿಸಿಲಿನಲ್ಲಿ ದಣಿದು ಬಂದವರಿಗೆ, ಅವರು ಕೇಳುವುದಕ್ಕೆ ಮೊದಲೇ, ಒಂದು ಲೋಟ ತಣ್ಣೀರನ್ನು ತಂದುಕೊಡುವುದು ನಮ್ಮ ನಾಡಿನ ಹಳೆಯ ಮರ್ಯಾದೆ. ಬೇಸಗೆಯಲ್ಲಿ ಅರವಟ್ಟಿಗೆಯನ್ನಿಟ್ಟು ದಾರಿಹೋಕರ ದಾಹವನ್ನು ತಣಿಸುವುದನ್ನು ನಮ್ಮ ಹಿರಿಯರು ಪುಣ್ಯಕಾರ್ಯಗಳಲ್ಲಿ ಸೇರಿಸಿದ್ದರು. ಈ ನೀರು ಯಾವ ಬಾವಿಯದು, ಯಾವ ನಲ್ಲಿಯದು, ಕಾಯಿಸಿದ್ದೋ ಶೋಧಿಸಿದ್ದೋ ಎಂದು ವಿಚಾರಿಸುವವರು ಈಗ ಬಹುಮಂದಿ ಉಂಟು. ಅದು ಸಂತೋಷದ ಸಂಗತಿಯೇ. ಆದರೆ ಆ ನೀರು ರಾತ್ರಿಯೆಲ್ಲ ಯಾವ ಪಾತ್ರೆಯಲ್ಲಿ ನಿಂತಿತ್ತು, ಆ ಪಾತ್ರೆಯನ್ನು ಕಡೆಯ ಸಲ ತೊಳೆದದ್ದು ಯಾವಾಗ ಎಂದು ವಿಚಾರಿಸುವವರು ವಿರಳ. ಈ ಹೊತ್ತು ನಾನು ಮಾತನಾಡಬೇಕೆಂದಿರುವುದು ಆ ಪಾತ್ರೆಯನ್ನು ಕುರಿತು. ಅದು ಮಣ್ಣಿನ ಹೂಜಿಯಾಗಿರಬಹುದು, ತಾಮ್ರದ ಕೊಡವಾಗಿರಬಹುದು, ಅಥವಾ ನಗರದ ಮನೆಗಳಲ್ಲಿ ಈಗ ಬಳಕೆಯಲ್ಲಿರುವ, ೨೦ ಲೀಟರಿನ ಕ್ಯಾನನ್ನು ತಲೆಕೆಳಗಾಗಿ ಹೊತ್ತು ನಿಂತಿರುವ ವಿದ್ಯುತ್ ಕೂಲರ್ ಆಗಿರಬಹುದು. ರೂಪ ಬೇರೆಯಾದರೂ ಇವುಗಳಲ್ಲಿರತಕ್ಕ ಅಪಾಯ ಒಂದೇ. ಪರಿಹಾರವೂ ಬಹುಮಟ್ಟಿಗೆ ಒಂದೇ.

ಊರಿಗೆ ನೀರನ್ನು ತರುವುದರಲ್ಲಿ ಪಟ್ಟಿರುವ ಶ್ರಮ ಸಾಮಾನ್ಯವಾದುದಲ್ಲ. ಬೆಂಗಳೂರನ್ನೇ ತೆಗೆದುಕೊಳ್ಳೋಣ. ೧೮೯೬ರಲ್ಲಿ ಹೆಸರಘಟ್ಟದ ಕೆರೆಯಿಂದ, ೧೯೩೩ರಲ್ಲಿ ತಿಪ್ಪಗೊಂಡನಹಳ್ಳಿಯ ಜಲಾಶಯದಿಂದ, ಆಮೇಲೆ ೧೯೭೪ರಲ್ಲಿ ಕಾವೇರಿ ನದಿಯಿಂದಲೇ ಆ ಊರಿಗೆ ನೀರು ಬಂದಿತು. ಕಾವೇರಿಯ ನೀರು ಸುಮಾರು ೧೦೦ ಕಿಲೋಮೀಟರು ದೂರ ಕೊಳವೆಗಳಲ್ಲಿ ಸಾಗಿ, ಸುಮಾರು ೫೦೦ ಮೀಟರು ಎತ್ತರವನ್ನು ಮೂರು ಹಂತಗಳಲ್ಲಿ ಏರಿ ಬರಬೇಕು. ಅದನ್ನು ತಿಳಿಗೊಳಿಸಿ, ಮರಳಿನ ಪದರಗಳಲ್ಲಿ ಸೋಸಿ, ಕ್ಲೋರಿನ್ ಬೆರೆಸಿ ಕಳುಹಿಸುತ್ತಾರೆ. ಹೀಗೆ ಬಂದ ನೀರು ನಮ್ಮ ನಲ್ಲಿಯಿಂದ ಲೋಟಕ್ಕೆ ಸೇರುವಲ್ಲಿ ಉಳಿದಿರುವ ದಾರಿ ಒಂದೆರಡು ಮೊಳ ಮಾತ್ರ. ಆ ಕಡೆಯ ಮೊಳದಲ್ಲಿ ಪಾಚಿ ಹಿಡಿದ ಪಾತ್ರೆಯೋ ತೊಳೆಯದ ಕೈಯೋ ಅಡ್ಡ ಬಂದರೆ, ನೂರು ಕಿಲೋಮೀಟರಿನ ಎಚ್ಚರಿಕೆ ವ್ಯರ್ಥವಾಯಿತೆಂದೇ ತಿಳಿಯಬೇಕು.

ಇದು ಕೇವಲ ಊಹೆಯ ಮಾತಲ್ಲ. ೧೯೯೧ರಲ್ಲಿ ದಕ್ಷಿಣ ಅಮೆರಿಕದ ಪೆರು ದೇಶದಲ್ಲಿ ಕಾಲರಾ ಜಾಡ್ಯ ಹಬ್ಬಿತು. ಅಲ್ಲಿನ ಟ್ರುಹಿಯೊ ಎಂಬ ನಗರದಲ್ಲಿ ವೈದ್ಯರು ನೀರಿನ ದಾರಿಯನ್ನು ಬಾವಿಯಿಂದ ಮನೆಯವರೆಗೆ ಪರೀಕ್ಷಿಸುತ್ತ ಬಂದರು. ಬಾವಿಯಲ್ಲಿದ್ದುದಕ್ಕಿಂತ ಕೊಳವೆಯಲ್ಲಿ, ಕೊಳವೆಯಲ್ಲಿದ್ದುದಕ್ಕಿಂತ ಮನೆಯ ಪಾತ್ರೆಯಲ್ಲಿ ಕಲ್ಮಷವು ಹೆಚ್ಚುತ್ತ ಹೋಗಿತ್ತು. ರೋಗ ತಗುಲಿದವರನ್ನೂ ತಗುಲದವರನ್ನೂ ಹೋಲಿಸಿ ನೋಡಿದಾಗ, ಕೈ ಅದ್ದಿದ ಪಾತ್ರೆಯ ನೀರನ್ನು ಕುಡಿದವರಲ್ಲಿ ರೋಗ ಹೆಚ್ಚಾಗಿದ್ದಿತು.

ನಮ್ಮ ದೇಶದ ನಿದರ್ಶನವೊಂದು ಇದಕ್ಕಿಂತಲೂ ಬೋಧಪ್ರದವಾದುದು. ಜರ್ಮನಿಯ ರಾಬರ್ಟ್ ಕಾಖ್ ಎಂಬ ವಿಜ್ಞಾನಿ ೧೮೮೪ರಲ್ಲಿ ಕಾಲರಾ ಕ್ರಿಮಿಯನ್ನು ಕುರಿತು ಸಂಶೋಧನೆ ನಡೆಸಿದ್ದು ಕಲ್ಕತ್ತೆಯಲ್ಲಿ. ಅಲ್ಲಿನ ಕೊಳದ ನೀರಿನಲ್ಲಿ ಆ ಕ್ರಿಮಿಯನ್ನು ಅವನು ಕಂಡನು. ಅದಾದ ನೂರು ವರ್ಷಗಳ ತರುವಾಯ ಅದೇ ನಗರದ ಬಡ ಕೇರಿಗಳಲ್ಲಿ ಮತ್ತೊಂದು ಪರೀಕ್ಷೆ ನಡೆಯಿತು. ಅದರ ವರದಿ ೧೯೮೬ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಪ್ರಕಟವಾಗಿದೆ. ಕಾಲರಾ ತಗುಲಿದ ರೋಗಿಯಿದ್ದ ಕೆಲವು ಮನೆಗಳಿಗೆ, ಕೈ ಒಳಕ್ಕೆ ಹೋಗದಂಥ ಕಿರಿಗೊರಳಿನ ಮಣ್ಣಿನ ಪಾತ್ರೆಯನ್ನು, ಎಂದರೆ ನಾವು ಹೂಜಿಯೆನ್ನುವುದನ್ನೇ, ನೀರಿಡುವುದಕ್ಕಾಗಿ ಕೊಟ್ಟರು. ಏನೂ ಕೊಡದ ಮನೆಗಳಿಗೆ ಹೋಲಿಸಿದರೆ, ಹೂಜಿ ಕೊಟ್ಟ ಮನೆಗಳಲ್ಲಿ ಉಳಿದವರಿಗೆ ಕ್ರಿಮಿ ಅಂಟಿದ ಪ್ರಮಾಣ ಸುಮಾರು ನಾಲ್ಕರಲ್ಲೊಂದು ಪಾಲಿಗೆ ಇಳಿಯಿತು. ಬಹಳ ಬೆಲೆಯ ಔಷಧವಲ್ಲ, ಯಂತ್ರವಲ್ಲ. ಕುಂಬಾರನು ಮಾಡಿದ ಒಂದು ಕಿರಿದಾದ ಕೊರಳು. ಅದು ಮಾಡಿದ್ದಿಷ್ಟೆ: ಕೈಯನ್ನು ನೀರಿನಿಂದ ದೂರವಿಟ್ಟಿತು.

ಇನ್ನು ಪಾತ್ರೆಯು ನೀರನ್ನು ತಣ್ಣಗೆ ಮಾಡುವ ಬಗೆಯನ್ನು ಸ್ವಲ್ಪ ವಿಚಾರಿಸೋಣ. ಅದನ್ನರಿತರೆ ಶುದ್ಧಿಯ ನಿಯಮಗಳು ತಾವಾಗಿಯೇ ತಿಳಿದುಬರುತ್ತವೆ. ಮಣ್ಣಿನ ಪಾತ್ರೆಯ ಮೈಯಲ್ಲಿ ಅತಿ ಸೂಕ್ಷ್ಮವಾದ ರಂಧ್ರಗಳಿರುತ್ತವೆ. ಅವುಗಳ ಮೂಲಕ ನೀರು ಜಿನುಗಿ ಹೊರಮೈಯಲ್ಲಿ ಆವಿಯಾಗುತ್ತದೆ. ಒಂದು ಗ್ರಾಂ ನೀರು ಆವಿಯಾಗಬೇಕಾದರೆ ಸುಮಾರು ೫೮೦ ಕ್ಯಾಲೊರಿ ಶಾಖ ಬೇಕು. ಆ ಶಾಖವನ್ನು ಅದು ಒಳಗಿರುವ ನೀರಿನಿಂದಲೇ ಬಹುಮಟ್ಟಿಗೆ ಎಳೆದುಕೊಳ್ಳುತ್ತದೆ. ಹೊರಗಿನ ಶಾಖ ಒಳಕ್ಕೆ ಬಾರದೆ ಇದ್ದ ಪಕ್ಷದಲ್ಲಿ, ಸುಮಾರು ೧೦೦ ಗ್ರಾಂ ನೀರು ಆವಿಯಾದರೆ ೧೦ ಲೀಟರು ನೀರಿನ ಉಷ್ಣತೆಯನ್ನು ೬ ಡಿಗ್ರಿಯಷ್ಟು ಇಳಿಸಬಹುದು. ಗಾಳಿ ಒಣದಾಗಿದ್ದಷ್ಟೂ ಈ ಕೆಲಸ ಚೆನ್ನಾಗಿ ನಡೆಯುತ್ತದೆ. ಆದಕಾರಣವೇ ರಾಯಚೂರು, ಕಲಬುರಗಿಗಳ ಬೇಸಗೆಯಲ್ಲಿ ಮಡಕೆಯ ನೀರು ಹಿತವಾಗಿ ತಣ್ಣಗಾಗುತ್ತದೆ; ಕಡಲ ತೇವ ತುಂಬಿದ ಮಂಗಳೂರಿನಲ್ಲಿ ಅದೇ ಮಡಕೆ ಅಷ್ಟು ಫಲ ಕೊಡುವುದಿಲ್ಲ. ಮಡಕೆಯನ್ನು ಗಾಳಿಯಾಡದ ಬೀರುವಿನೊಳಗೆ ಬಚ್ಚಿಡುವುದೂ, ಅಂದಕ್ಕೆಂದು ಹೊರಮೈಗೆ ಬಣ್ಣ ಬಳಿಯುವುದೂ ಅದರ ಉಸಿರು ಕಟ್ಟಿದಂತೆಯೇ ಸರಿ.

ಇಲ್ಲಿ ಒಂದು ಭ್ರಮೆಯನ್ನು ನಿವಾರಿಸಿಕೊಳ್ಳಬೇಕಾದುದು ಅವಶ್ಯಕ. ತಣ್ಣಗಿರುವ ನೀರು ನಾಲಗೆಗೆ ನಿರ್ಮಲವಾಗಿ ತೋರುತ್ತದೆ. ಬೆಚ್ಚಗಾದ ನೀರು ಹಳಸಿದಂತೆ ತೋರುತ್ತದೆ. ಇದು ನಾಲಗೆಯ ಅಭಿಪ್ರಾಯವೇ ಹೊರತು ಕ್ರಿಮಿಗಳ ಅಭಿಪ್ರಾಯವಲ್ಲ. ಶೈತ್ಯವು ಸೂಕ್ಷ್ಮಜೀವಿಗಳ ಬೆಳವಣಿಗೆಯನ್ನು ನಿಧಾನಗೊಳಿಸೀತು, ಕೊಲ್ಲುವುದೆಂದು ನಂಬುವಂತಿಲ್ಲ. ವಿಷಮಶೀತಜ್ವರದ ಕ್ರಿಮಿ ಮಂಜುಗಡ್ಡೆಯಲ್ಲಿಯೂ ಬದುಕಿರಬಲ್ಲುದು. ಆದುದರಿಂದ ಕೂಲರಿನಿಂದಲೋ ರೆಫ್ರಿಜರೇಟರಿನಿಂದಲೋ ಬಂದಿತೆಂಬ ಮಾತ್ರಕ್ಕೆ ನೀರು ಶುದ್ಧವಾಯಿತೆಂದು ಭಾವಿಸಕೂಡದು. ತಂಪು ಬೇರೆ, ಶುದ್ಧಿ ಬೇರೆ.

ಎರಡನೆಯ ಭ್ರಮೆ, ಒಳ್ಳೆಯ ನೀರನ್ನೇ ತುಂಬುವ ಪಾತ್ರೆಯನ್ನು ತೊಳೆಯಬೇಕಾದುದೇನಿದೆ ಎಂಬುದು. ಬಹುದಿನ ತೊಳೆಯದ ಕೊಡದ ಒಳಮೈಯನ್ನು ಬೆರಳಿನಿಂದ ಸವರಿ ನೋಡಿದರೆ ನುಣುಪಾದ ಲೋಳೆಯೊಂದು ತಗುಲುತ್ತದೆ. ಅದು ಸೂಕ್ಷ್ಮಜೀವಿಗಳು ತಮಗಾಗಿ ಕಟ್ಟಿಕೊಂಡಿರುವ ಮನೆ. ನೀರಿನಲ್ಲಿ ತೇಲುವ ಒಂಟಿ ಕ್ರಿಮಿಯನ್ನು ಕ್ಲೋರಿನ್ ಸುಲಭವಾಗಿ ನಾಶಮಾಡುತ್ತದೆ; ಲೋಳೆಯ ಪದರದೊಳಗೆ ಅಡಗಿದುದನ್ನು ಅಷ್ಟು ಸುಲಭವಾಗಿ ಮುಟ್ಟಲಾರದು. ಮೇಲಿಂದ ಮೇಲೆ ಹೊಸ ನೀರು ಸುರಿಯುತ್ತ ಹೋದರೆ ಈ ಲೋಳೆ ತೊಳೆದುಹೋಗುವುದಿಲ್ಲ. ಉಜ್ಜಿದರೆ ಮಾತ್ರ ಹೋಗುತ್ತದೆ. ಇನ್ನೂ ಒಂದು ವಿಷಯವುಂಟು. ನಲ್ಲಿಯ ನೀರಿನಲ್ಲಿ ಕಾವಲಿಗಾಗಿ ಲೀಟರಿಗೆ ಕನಿಷ್ಠ ೦.೨ ಮಿಲಿಗ್ರಾಂನಷ್ಟು ಕ್ಲೋರಿನ್ ಉಳಿದಿರಬೇಕೆಂಬ ನಿಯಮವಿದೆ. ನೀರನ್ನು ಕಾಯಿಸಿದರೆ ಅಥವಾ ಇದ್ದಿಲಿನ ಶೋಧಕದಲ್ಲಿ ಹಾಯಿಸಿದರೆ ಈ ಕಾವಲು ಹೊರಟುಹೋಗುತ್ತದೆ. ಆದಕಾರಣ ಶೋಧಿಸಿದ ನೀರು ಹೆಚ್ಚು ನಿರ್ಮಲವಾದುದೆಂಬುದೇನೋ ನಿಜ. ಆದರೆ ಅದು ನಿರಾಯುಧವಾದ ನೀರು. ಬೆಲೆಬಾಳುವ ಶೋಧಕಯಂತ್ರವಿರುವ ಮನೆಯಲ್ಲಿ ಪಾತ್ರೆಯ ಶುದ್ಧಿಗೆ ಹೆಚ್ಚು ಎಚ್ಚರ ಬೇಕೇ ಹೊರತು ಕಡಿಮೆಯಲ್ಲ.

ಈಗ ಒಂದೊಂದು ಪಾತ್ರೆಯನ್ನೂ ತೆಗೆದುಕೊಂಡು ನಿಯಮಗಳನ್ನು ಹೇಳುತ್ತೇನೆ.

ಮೊದಲನೆಯದು ಮಣ್ಣಿನ ಮಡಕೆ ಅಥವಾ ಹೂಜಿ. ಹೊಸದನ್ನು ತಂದ ಕೂಡಲೆ ಒಂದು ದಿನ ನೀರಿನಲ್ಲಿ ನೆನೆಯಿಟ್ಟು, ತೆಂಗಿನ ನಾರಿನಿಂದ ಒಳಗೂ ಹೊರಗೂ ಉಜ್ಜಿ, ಮೊದಲು ಬೆಚ್ಚಗಿನ ನೀರನ್ನೂ ಆಮೇಲೆ ಕುದಿಯುವ ನೀರನ್ನೂ ಹಾಕಿ ಗಲಬರಿಸಬೇಕು. ತಣ್ಣನೆಯ ಪಾತ್ರೆಗೆ ಒಮ್ಮೆಗೇ ಕುದಿನೀರು ಹಾಕಿದರೆ ಬಿರಿಯುವ ಸಂಭವವುಂಟು. ಸಾಬೂನನ್ನು ಹಾಕಕೂಡದು, ಮಣ್ಣು ಅದನ್ನು ಹೀರಿಕೊಂಡು ಬಹುದಿನ ನೀರಿಗೆ ಬಿಡುತ್ತಿರುತ್ತದೆ. ಲೋಳೆಗೆ ಕಲ್ಲುಪ್ಪು ಅಥವಾ ಅಡುಗೆಯ ಸೋಡಾ ಸಾಕು. ಅರೆಬರಿದಾದ ಮಡಕೆಗೆ ಮೇಲೆ ನೀರು ತುಂಬುವ ಅಭ್ಯಾಸ ಬಹು ಮನೆಗಳಲ್ಲಿದೆ. ಹಾಗೆ ಮಾಡಿದರೆ ತಳದಲ್ಲಿರುವ ನೀರು ವಾರಗಟ್ಟಲೆ ಹೊರಗೆ ಬಾರದೆ ಉಳಿಯುತ್ತದೆ. ಪ್ರತಿದಿನವೂ ಉಳಿದುದನ್ನು ಗಿಡಗಳಿಗೆ ಚೆಲ್ಲಿ, ಉಜ್ಜಿ, ಹೊಸದಾಗಿ ತುಂಬುವುದೇ ಸರಿ. ಎರಡು ಮಡಕೆಗಳಿದ್ದರೆ ಒಂದು ಬಳಕೆಯಲ್ಲಿರುವಾಗ ಮತ್ತೊಂದನ್ನು ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಬಹುದು. ಹೂಜಿಯ ಕೊರಳು ಕಿರಿದಾದುದು ಕೈಯನ್ನು ತಡೆಯುವುದಷ್ಟೆ. ಅದೇ ಕಾರಣದಿಂದ ಉಜ್ಜುವುದೂ ಕಷ್ಟ. ಅದಕ್ಕೆ ಉದ್ದ ಹಿಡಿಯ ಕುಂಚವನ್ನು ಪ್ರತ್ಯೇಕವಾಗಿ ಇಟ್ಟುಕೊಳ್ಳಬೇಕು. ಹೊರಮೈಯಲ್ಲಿ ಬಿಳಿಯ ಲವಣ ಕಟ್ಟಿ ರಂಧ್ರಗಳು ಮುಚ್ಚಿಹೋದ ಮಡಕೆಗೆ ವಿಶ್ರಾಂತಿ ಕೊಟ್ಟು ಹೊಸದನ್ನು ಕೊಳ್ಳುವುದು ಮೇಲು. ಅದರ ಬೆಲೆ ಒಂದು ದಿನದ ಔಷಧದ ಬೆಲೆಗಿಂತ ಹೆಚ್ಚಿರಲಾರದು.

ಅಗಲ ಬಾಯಿಯ ಮಡಕೆಯಾದರೆ ಮುಚ್ಚಳವೂ ಉದ್ದ ಹಿಡಿಯ ಸೌಟೂ ಇರಲೇಬೇಕು. ಲೋಟವನ್ನೇ ಅದ್ದಿ ತೆಗೆಯುವಾಗ ಅದನ್ನು ಹಿಡಿದ ಬೆರಳುಗಳೂ ಅದರ ತಳಕ್ಕೆ ಅಂಟಿದ ನೆಲದ ಧೂಳೂ ನೀರಿಗೆ ಇಳಿಯುತ್ತವೆ. ಸೌಟನ್ನು ಮಡಕೆಯ ಮುಚ್ಚಳದ ಮೇಲೆ ಇಡದೆ ಗೋಡೆಯ ಮೊಳೆಗೆ ತೂಗುಹಾಕುವುದು ಉಚಿತ. ಕೆಳಭಾಗದಲ್ಲಿ ನಲ್ಲಿ ಕೂಡಿಸಿದ ಮಡಕೆಗಳು ಈಗ ದೊರೆಯುತ್ತವೆ. ಅವು ಎಲ್ಲಕ್ಕಿಂತ ಲೇಸು. ಆದರೆ ಆ ನಲ್ಲಿಯನ್ನು ಬಿಚ್ಚಿ ತೊಳೆಯುವುದನ್ನು ಮರೆಯಬಾರದು.

ಎರಡನೆಯದು ತಾಮ್ರದ ಪಾತ್ರೆ. ತಾಮ್ರದಲ್ಲಿಟ್ಟ ನೀರು ಒಳ್ಳೆಯದೆಂಬ ನಮ್ಮ ಹಿರಿಯರ ನಂಬಿಕೆಗೆ ಆಧಾರವುಂಟು. ಬೆಂಗಳೂರಿನಲ್ಲಿ ನಡೆದು ೨೦೧೨ರಲ್ಲಿ ಪ್ರಕಟವಾದ ಸಂಶೋಧನೆಯೊಂದರಲ್ಲಿ, ಭೇದಿಯನ್ನುಂಟುಮಾಡುವ ಕ್ರಿಮಿಗಳನ್ನು ಬೆರೆಸಿದ ನೀರನ್ನು ೧೬ ಗಂಟೆಗಳ ಕಾಲ ತಾಮ್ರದ ಪಾತ್ರೆಯಲ್ಲಿಟ್ಟಾಗ ಆ ಕ್ರಿಮಿಗಳು ಉಳಿಯಲಿಲ್ಲ. ಆದರೆ ಈ ಗುಣವು ಲೋಹದ ಮೈ ನೀರಿಗೆ ತಗುಲಿದಾಗ ಮಾತ್ರ. ಒಳಗೆ ಕಿಲುಬೋ ಲೋಳೆಯೋ ಹರಡಿದ ಪಾತ್ರೆಯಿಂದ ಅದನ್ನು ನಿರೀಕ್ಷಿಸಲಾಗದು. ಹುಣಿಸೆಹಣ್ಣಿನಿಂದ ಉಜ್ಜಿ ಬೆಳಗುವ ನಮ್ಮ ಪದ್ಧತಿ ಶಾಸ್ತ್ರಸಮ್ಮತವಾದುದೇ. ಪಾನಕ, ಮಜ್ಜಿಗೆ ಮುಂತಾದ ಹುಳಿ ಪದಾರ್ಥಗಳನ್ನು ಮಾತ್ರ ಅದರಲ್ಲಿಡಕೂಡದು. ಹುಳಿಗೆ ತಾಮ್ರವು ಮಿತಿಮೀರಿ ಕರಗಿ ವಾಕರಿಕೆಯನ್ನುಂಟುಮಾಡುತ್ತದೆ.

ಮೂರನೆಯದು ವಿದ್ಯುತ್ ಕೂಲರ್. ಇದರ ರಚನೆಯನ್ನು ಗಮನಿಸಿರಿ. ಕ್ಯಾನಿನ ನೀರು ಕೆಳಗಿರುವ ಸಣ್ಣ ತೊಟ್ಟಿಗೆ ಇಳಿದು ಅಲ್ಲಿ ತಣ್ಣಗಾಗುತ್ತದೆ. ಕೆಲವು ಯಂತ್ರಗಳಲ್ಲಿ ನೀರನ್ನು ಬಿಸಿಮಾಡುವ ತೊಟ್ಟಿಯೂ ಉಂಟು. ಒಂದು ಲೋಟ ನೀರನ್ನು ಹಿಡಿದಾಗಲೆಲ್ಲ ಕ್ಯಾನಿನಲ್ಲಿ ಗುಳುಗುಳು ಎಂದು ಗುಳ್ಳೆಗಳು ಏಳುವುದನ್ನು ತಾವೆಲ್ಲರೂ ನೋಡಿರಬಹುದು. ಆ ಗುಳ್ಳೆಗಳು ಕೋಣೆಯ ಗಾಳಿ. ೨೦ ಲೀಟರು ನೀರು ಹೊರಕ್ಕೆ ಬಂದಿತೆಂದರೆ ೨೦ ಲೀಟರು ಗಾಳಿ ಒಳಕ್ಕೆ ಹೋಯಿತೆಂದೇ ಅರ್ಥ. ಕೋಣೆಯ ಧೂಳೂ ಅದರೊಡನೆ ಬಂದ ಸೂಕ್ಷ್ಮಜೀವಿಗಳೂ ತೊಟ್ಟಿಯನ್ನು ಸೇರುತ್ತವೆ. ಕ್ಯಾನು ಎಷ್ಟೇ ಶುದ್ಧವಾಗಿ ಬಂದರೂ ಕಣ್ಣಿಗೆ ಕಾಣದ ಆ ತೊಟ್ಟಿಯಲ್ಲಿ ತಿಂಗಳುಗಟ್ಟಲೆ ಲೋಳೆ ಬೆಳೆಯುತ್ತಿರಬಹುದು. ಕ್ಯಾನನ್ನು ಬದಲಾಯಿಸುವುದೇ ಶುದ್ಧಿಯೆಂದು ತಿಳಿದವರು ಎಲೆಯನ್ನು ತೊಳೆದು ನೆಲಕ್ಕೆ ಅನ್ನ ಬಡಿಸಿದಂತಾಯಿತು.

ಕ್ಯಾನು ಬಂದಾಗ ಮುದ್ರೆ ಒಡೆದಿಲ್ಲವೆಂಬುದನ್ನೂ ದಿನಾಂಕವನ್ನೂ ನೋಡಬೇಕು. ಅನೇಕರ ಕೈ ತಗುಲಿ, ಬಂಡಿಯಲ್ಲಿ ಧೂಳು ಮೆತ್ತಿ ಬಂದ ಅದರ ಕೊರಳು ನೇರವಾಗಿ ತೊಟ್ಟಿಯ ಒಳಕ್ಕೆ ಇಳಿಯತಕ್ಕದ್ದು. ಆದುದರಿಂದ ಕೈ ತೊಳೆದುಕೊಂಡು, ಕೊರಳನ್ನು ಚೆನ್ನಾಗಿ ತೊಳೆದು ಒರೆಸಿ, ಆಮೇಲೆ ಕೂಡಿಸಬೇಕು. ಬಿಸಿಲು ಬೀಳುವ ಕಡೆ ಕ್ಯಾನನ್ನಿಟ್ಟರೆ ಹಸಿರು ಪಾಚಿ ಹುಟ್ಟುತ್ತದೆ.

ತೊಟ್ಟಿಯನ್ನು ಎರಡು ತಿಂಗಳಿಗೊಮ್ಮೆಯಾದರೂ, ಬೇಸಗೆಯಲ್ಲಿ ತಿಂಗಳಿಗೊಮ್ಮೆ, ಶುದ್ಧಿಮಾಡಬೇಕು. ಮೊದಲು ವಿದ್ಯುತ್ತಿನ ಪ್ಲಗ್ಗನ್ನು ಕಿತ್ತು, ಬಿಸಿನೀರು ಆರುವವರೆಗೆ ಕಾದು, ಕ್ಯಾನನ್ನು ತೆಗೆದು, ತೊಟ್ಟಿಗಳ ನೀರನ್ನೆಲ್ಲ ಹೊರಬಿಡಬೇಕು. ಬಿಚ್ಚಬರುವ ಭಾಗಗಳನ್ನೂ ಜಲ್ಲಿ ತಟ್ಟೆಯನ್ನೂ ಬೇರೆಯಾಗಿ ತೊಳೆಯಬೇಕು. ತೊಟ್ಟಿಯ ಒಳಮೈಯನ್ನು ಮೆತ್ತನೆಯ ಕುಂಚದಿಂದ ಉಜ್ಜಿದ ಮೇಲೆ, ೪ ಲೀಟರು ನೀರಿಗೆ ಸುಗಂಧ ಬೆರೆಸದ ಬ್ಲೀಚು ದ್ರಾವಣವನ್ನು ಒಂದು ದೊಡ್ಡ ಚಮಚೆ, ಎಂದರೆ ೧೫ ಮಿಲಿಲೀಟರು, ಸೇರಿಸಿ ತೊಟ್ಟಿಗೆ ತುಂಬಬೇಕು. ಐದು ನಿಮಿಷಕ್ಕಿಂತ ಹೆಚ್ಚು ಹೊತ್ತು ಬಿಡಕೂಡದು. ಅದನ್ನು ನಲ್ಲಿಗಳ ಮೂಲಕವೇ ಹೊರಬಿಟ್ಟರೆ ನಲ್ಲಿಗಳೂ ಶುದ್ಧವಾಗುತ್ತವೆ. ಅನಂತರ ಒಳ್ಳೆಯ ನೀರಿನಿಂದ ನಾಲ್ಕು ಸಲ, ವಾಸನೆ ಹೋಗುವವರೆಗೆ, ಗಲಬರಿಸಬೇಕು. ಗಡಸು ನೀರಿನ ಸುಣ್ಣ ಕಟ್ಟಿದ್ದರೆ ವಿನಿಗರ್ ಉಪಯೋಗಿಸುವುದುಂಟು. ಆದರೆ ಒಂದು ಮಾತನ್ನು ಒತ್ತಿ ಹೇಳುತ್ತೇನೆ, ವಿನಿಗರನ್ನೂ ಬ್ಲೀಚನ್ನೂ ಎಂದಿಗೂ ಬೆರೆಸಬಾರದು. ಬೆರೆಸಿದರೆ ವಿಷಾನಿಲವಾದ ಕ್ಲೋರಿನ್ ಹೊರಡುತ್ತದೆ. ಎಲ್ಲವೂ ಮುಗಿದು ಹೊಸ ಕ್ಯಾನನ್ನಿಟ್ಟ ಮೇಲೆ, ಬಿಸಿನೀರಿನ ನಲ್ಲಿಯಲ್ಲಿ ನೀರು ಬರುವುದನ್ನು ನೋಡಿಯೇ ವಿದ್ಯುತ್ತನ್ನು ಹಾಕತಕ್ಕದ್ದು; ಬರಿದಾದ ತೊಟ್ಟಿ ಕಾದರೆ ಯಂತ್ರ ಕೆಡುತ್ತದೆ. ನೀರೂ ವಿದ್ಯುತ್ತೂ ಒಂದೆಡೆ ಇರುವುದರಿಂದ ಮೂರು ಕಡ್ಡಿಯ ಪ್ಲಗ್ಗೂ ಸರಿಯಾದ ಭೂಸಂಪರ್ಕವೂ ಇರಲೇಬೇಕು. ಮುಟ್ಟಿದಾಗ ಜುಮ್ಮೆನ್ನುವ ಕೂಲರನ್ನು ಆ ಕ್ಷಣದಿಂದಲೇ ಬಳಸದೆ ನಿಲ್ಲಿಸಬೇಕು.

ನಲ್ಲಿಯ ಬಾಯಿಗೆ ಮಕ್ಕಳು ಶಾಲೆಯ ಸೀಸೆಯ ಬಾಯಿಯನ್ನು ಒತ್ತಿ ಹಿಡಿಯುವುದುಂಟು. ಒಬ್ಬರ ಎಂಜಲು ಎಲ್ಲರಿಗೂ ಹಂಚಿಹೋಗುವುದು ಹೀಗೆಯೇ. ಸೀಸೆಯನ್ನು ತುಸು ಕೆಳಗೆ ಹಿಡಿಯುವುದನ್ನು ಅವರಿಗೆ ಕಲಿಸಿರಿ. ನಲ್ಲಿಯ ಮೂತಿಯನ್ನು ದಿನವೂ ತೊಳೆಯಿರಿ.

ಮಡಕೆಯ ಕೆಳಗಿನ ತಟ್ಟೆಯನ್ನೂ ಕೂಲರಿನ ಹನಿ ಬೀಳುವ ತಟ್ಟೆಯನ್ನೂ ನಾವು ಲೆಕ್ಕಕ್ಕೆ ತೆಗೆದುಕೊಳ್ಳುವುದೇ ಇಲ್ಲ. ಡೆಂಗಿ ಜ್ವರವನ್ನು ಹರಡುವ ಈಡಿಸ್ ಸೊಳ್ಳೆಗೆ ಚರಂಡಿಯ ಕೊಳಕು ಬೇಕಾಗಿಲ್ಲ. ಇಂಥ ತಿಳಿಯಾದ ನೀರೇ ಅದಕ್ಕೆ ಪ್ರಿಯ. ಮೊಟ್ಟೆ ಸೊಳ್ಳೆಯಾಗುವುದಕ್ಕೆ ಒಂದು ವಾರ, ಹತ್ತು ದಿನ ಸಾಕು. ಮೊಟ್ಟೆಗಳು ತಟ್ಟೆಯ ಅಂಚಿಗೆ ಅಂಟಿಕೊಂಡು, ನೀರು ಆರಿದ ಮೇಲೂ ತಿಂಗಳುಗಳ ಕಾಲ ಬದುಕಿರುತ್ತವೆ. ಆದುದರಿಂದ ತಟ್ಟೆಯನ್ನು ಬರಿದುಮಾಡಿದರೆ ಸಾಲದು, ವಾರಕ್ಕೊಮ್ಮೆಯಾದರೂ ಉಜ್ಜಬೇಕು.

ಪಾತ್ರೆ ಶುದ್ಧವಾಗಿದ್ದು ನೀರೇ ಸಂದೇಹಾಸ್ಪದವಾಗಿದ್ದರೆ ಕುದಿಸುವುದು ಭದ್ರವಾದ ದಾರಿ. ನೀರು ಬುಳುಬುಳನೆ ಕುದಿಯತೊಡಗಿದ ಮೇಲೆ ಒಂದು ನಿಮಿಷ ಸಾಕು. ಬೆಂಗಳೂರಿನ ಎತ್ತರದಲ್ಲಿ ನೀರು ೧೦೦ ಡಿಗ್ರಿಗೆ ಬದಲು ಸುಮಾರು ೯೭ ಡಿಗ್ರಿಗೇ ಕುದಿಯುವುದಾದರೂ ರೋಗಕ್ರಿಮಿಗಳಿಗೆ ಅಷ್ಟೇ ಮಾರಕವಾದುದು. ಕುದಿಸಿದ ಪಾತ್ರೆಯಲ್ಲಿಯೇ ಮುಚ್ಚಿಟ್ಟು ಆರಿಸಿ, ತೊಳೆದ ಮಡಕೆಗೆ ಸುರಿಯಬೇಕು. ಬೇಗ ಆರಲೆಂದು ಒಂದು ಪಾತ್ರೆಯಿಂದ ಮತ್ತೊಂದಕ್ಕೆ ಹುಯ್ಯುತ್ತ ಹೋದರೆ ಕುದಿಸಿದ ಫಲ ಅರ್ಧ ಹೋಯಿತು.

ಕಡೆಯದಾಗಿ ಒಂದೆರಡು ಮಾತು. ನೀರಿನ ಶುದ್ಧಿಯ ವಿಚಾರ ನಮ್ಮ ಜನಕ್ಕೆ ಹೊಸದೇನೂ ಅಲ್ಲ. ಚೊಂಬನ್ನು ಕಚ್ಚದೆ ಎತ್ತಿ ಕುಡಿಯುವುದು, ಎಂಜಲು ಪಾತ್ರೆಯನ್ನು ಕೊಡಕ್ಕೆ ಅದ್ದದಿರುವುದು ವಿವೇಕದ ಆಚಾರಗಳು. ಆದರೆ ನಮ್ಮ ಮಡಿ ನೀರಿನ ಕೊಡವನ್ನು ಮುಟ್ಟಿದವರು ಯಾರು ಎಂದು ಕೇಳಿತೇ ಹೊರತು, ಮುಟ್ಟಿದ ಕೈ ತೊಳೆದಿತ್ತೆ ಎಂದು ಕೇಳಲಿಲ್ಲ. ಜಾತಿಯ ಕಾರಣದಿಂದ ಮನುಷ್ಯರನ್ನು ಬಾವಿಯಿಂದ ದೂರವಿಟ್ಟೆವು, ಕ್ರಿಮಿಗಳನ್ನು ದೂರವಿಡಲಿಲ್ಲ. ಕ್ರಿಮಿಗೆ ಕುಲವಿಲ್ಲ, ತೊಳೆಯದ ಕೈ ಯಾರದಾದರೂ ಅದಕ್ಕೆ ವಾಹನವೇ. ಹಳೆಯ ಮಡಿಯ ಎಚ್ಚರವನ್ನು ಉಳಿಸಿಕೊಂಡು ಅದರ ಅನ್ಯಾಯವನ್ನು ಬಿಡುವುದಾದರೆ, ಸಾಬೂನಿನಿಂದ ತೊಳೆದ ಕೈಯೇ ನಮ್ಮ ಮಡಿಯಾಗಬೇಕು.

ಇನ್ನೊಂದು, ಈ ಕೆಲಸವನ್ನು ಮಾಡುವವರು ಯಾರು ಎಂಬುದು. ನೀರನ್ನು ಮನೆಯವರೆಲ್ಲರೂ ಕುಡಿಯುತ್ತಾರೆ. ಪಾತ್ರೆಯನ್ನು ಉಜ್ಜುವ ಕೆಲಸ ಮಾತ್ರ ಸಾಮಾನ್ಯವಾಗಿ ಗೃಹಿಣಿಯದೋ ಕೆಲಸದವಳದೋ ಆಗಿರುತ್ತದೆ. ಕೂಲರಾದರೋ ಯಂತ್ರವೆಂದು ಹೆಂಗಸರೂ, ಪಾತ್ರೆಯೆಂದು ಗಂಡಸರೂ ಬಿಟ್ಟು, ಯಾರದೂ ಅಲ್ಲದೆ ಹೋಗುತ್ತದೆ. ಯಾರದೂ ಅಲ್ಲದ ಕೆಲಸ ನಡೆಯುವುದಿಲ್ಲ. ಶುದ್ಧಿಮಾಡುವ ದಿನವನ್ನು ಗೋಡೆಯ ಪಂಚಾಂಗದಲ್ಲಿ ಗುರುತುಮಾಡಿ, ಸರದಿಯಂತೆ ಒಬ್ಬೊಬ್ಬರು ವಹಿಸಿಕೊಳ್ಳುವುದಾದರೆ ಯಾರಿಗೂ ಭಾರವಾಗದು. ಕಾಲು ಗಂಟೆಯ ಕೆಲಸ ಅದು. ಮನೆಯ ಚಿಕ್ಕ ಮಗುವೊಂದು ಭೇದಿಯಿಂದ ಬಳಲುವಾಗ ಅದರ ತೊಟ್ಟಿಲ ಬಳಿ ಕಳೆಯಬೇಕಾಗುವ ರಾತ್ರಿಗಳ ಮುಂದೆ ಆ ಕಾಲು ಗಂಟೆ ಏತರದು?

ಬಂದವರಿಗೆ ತಣ್ಣೀರು ಕೊಡುವ ನಮ್ಮ ಮರ್ಯಾದೆ ಎಂದಿಗೂ ಉಳಿಯಲಿ. ಕೊಡುವ ನೀರು ಇರುವ ಪಾತ್ರೆಯೂ ಆ ಮರ್ಯಾದೆಗೆ ತಕ್ಕಂತಿರಲಿ ಎಂದು ಪ್ರಾರ್ಥಿಸಿ ಈ ಭಾಷಣವನ್ನು ಮುಗಿಸುತ್ತೇನೆ.